ಒಂದು ವಾರ್ಡು, ಮೂರು ಓಟು



"ಆಂಟಿ, ಲೋಕಸಭೆಗೆ ಒಂದು ಓಟು, ವಿಧಾನಸಭೆಗೆ ಒಂದು ಓಟು. ನಮ್ಮ ಪುಟ್ಟ ಊರಿನ ಪುರಸಭೆಗೆ ಮಾತ್ರ ಮೂರು ಓಟು ಯಾಕೆ?" ಎಂದು ಸಂಘದ ಯುವ ವಿಭಾಗದ ಹುಡುಗಿಯೊಬ್ಬಳು ಕೇಳಿದಳು. ಪಕ್ಕದಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಮೂರರಲ್ಲಿ ಯಾವುದಾದರೂ ಒಂದು ಬಟನ್ ಒತ್ತಿದರೆ ಸಾಕು ಎಂದ ಒಬ್ಬ. ಮೂರನ್ನೂ ಒಬ್ಬರಿಗೇ ಹಾಕಬಹುದು ಎಂದಳು ಇನ್ನೊಬ್ಬಳು. ಎರಡೂ ಸರಿಯಲ್ಲ. ಇವರೆಲ್ಲ ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುವವರು, ದೆಹಲಿಯ ರಾಜಕೀಯವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರು. ಮನೆಯ ನಲ್ಲಿಗೆ ನೀರು ಬಿಡುವ ಸಭೆಯ ಚುನಾವಣೆ ಹೇಗೆ ನಡೆಯುತ್ತದೆ ಎನ್ನುವುದನ್ನು ಮಾತ್ರ ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಆ ಪ್ರಶ್ನೆಗೇ ಮೀಸಲು. ಓದುವುದು ನಿಧಾನವಾದರೆ ಅಮ್ಮನಿಂದಲೋ ಅಜ್ಜನಿಂದಲೋ ಗಟ್ಟಿಯಾಗಿ ಓದಿಸಿ ಕೇಳಿ, ಅವರಿಗೂ ಉಪಯೋಗವಾದೀತು.

ನಿಮಗೆ ಗೊತ್ತಿಲ್ಲದಿರುವುದಕ್ಕೆ ಒಂದು ಕಾರಣವೂ ಇದೆ. ಮಹಾರಾಷ್ಟ್ರದ ಹೆಚ್ಚಿನ ಪುರಸಭೆಗಳಿಗೆ, ಅಂದರೆ ಇಲ್ಲಿನ ಮಾತಿನಲ್ಲಿ ನಗರಪರಿಷದ್‌ಗಳಿಗೆ, 2016ರ ಕೊನೆಯಲ್ಲಿ ಚುನಾವಣೆ ಆಗಿತ್ತು. ಐದು ವರ್ಷದ ಅವಧಿ ಮುಗಿದ ಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ವಿಷಯ ನ್ಯಾಯಾಲಯದಲ್ಲಿತ್ತು, ವಾರ್ಡುಗಳ ರಚನೆಯ ಬಗ್ಗೆಯೂ ತಕರಾರಿತ್ತು. ಚುನಾವಣೆ ಮುಂದೆ ಮುಂದೆ ಹೋಯಿತು. ಆರಿಸಿ ಬಂದವರ ಜಾಗದಲ್ಲಿ ಸರಕಾರ ನೇಮಿಸಿದ ಪ್ರಶಾಸಕರು ಕುಳಿತರು. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟು ಚುನಾವಣೆ ನಡೆಸಿ ಎಂದು ಆದೇಶ ಕೊಟ್ಟಿತು. 246 ನಗರಪರಿಷದ್‌ಗಳಿಗೂ 42 ನಗರಪಂಚಾಯತಿಗಳಿಗೂ ಚುನಾವಣೆ ಘೋಷಣೆಯಾಯಿತು. ಹೆಚ್ಚಿನ ಊರುಗಳಲ್ಲಿ ಡಿಸೆಂಬರ್ 2ರಂದು, ಉಳಿದ ಕೆಲವು ಕಡೆ 20ರಂದು ಮತದಾನವಾಗಿ, 21ರಂದು ಎಣಿಕೆ ನಡೆಯಿತು. 2016ರಲ್ಲಿ ಹದಿನೇಳು ತುಂಬಿದ್ದ ಹುಡುಗನಿಗೆ ಆ ಹೊತ್ತಿಗೆ ಇಪ್ಪತ್ತಾರು. ಆ ವಯಸ್ಸಿನವರೆಗೂ ಅವನು ತನ್ನ ಊರಿನ ಸಭೆಗೆ ಒಮ್ಮೆಯೂ ಓಟು ಹಾಕಿರಲಿಲ್ಲ.

ಈಗ ಮೂರು ಓಟಿನ ಲೆಕ್ಕಕ್ಕೆ ಬರೋಣ. ನಗರಪರಿಷದ್‌ನಲ್ಲಿ ಒಂದು ವಾರ್ಡಿಗೆ, ಇಲ್ಲಿನವರು ಪ್ರಭಾಗ ಎನ್ನುತ್ತಾರೆ, ಸಾಮಾನ್ಯವಾಗಿ ಇಬ್ಬರು ಸದಸ್ಯರು. ಒಟ್ಟು ಸದಸ್ಯರ ಸಂಖ್ಯೆ ಬೆಸವಾಗಿದ್ದರೆ ಒಂದು ವಾರ್ಡಿಗೆ ಮೂವರು ಬರುತ್ತಾರೆ. ಇದಲ್ಲದೆ ಇಡೀ ಊರಿಗೆ ಒಬ್ಬ ನಗರಾಧ್ಯಕ್ಷ. ಅವರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಎರಡು ಮತ್ತು ಒಂದು, ಒಟ್ಟು ಮೂರು ಓಟು. ಮೂವರು ಸದಸ್ಯರ ವಾರ್ಡಿನಲ್ಲಿ ನಾಲ್ಕು. ಚಿಕ್ಕದಾದ ನಗರಪಂಚಾಯತಿಯಲ್ಲಿ ವಾರ್ಡಿಗೆ ಒಬ್ಬರೇ ಸದಸ್ಯರು, ಹಾಗಾಗಿ ಎರಡು ಓಟು.

ಇದು ಪುಟ್ಟ ಊರುಗಳ ಮಾತು. 2026ರ ಜನವರಿ 15ರಂದು 29 ಮಹಾನಗರಪಾಲಿಕೆಗಳಿಗೆ ಚುನಾವಣೆ ಆದಾಗ ಮುಂಬಯಿಯ ನೆಂಟರು "ನಮಗೆ ಒಂದೇ ಬಟನ್" ಎಂದರಲ್ಲ, ಅದೂ ನಿಜ. ಮುಂಬಯಿ ಪಾಲಿಕೆಯಲ್ಲಿ 227 ವಾರ್ಡು, ಒಂದೊಂದಕ್ಕೆ ಒಬ್ಬೊಬ್ಬರೇ ಕಾರ್ಪೊರೇಟರ್. ಪುಣೆ, ಠಾಣೆ, ಸೊಲ್ಲಾಪುರದಂಥ ಉಳಿದ ಪಾಲಿಕೆಗಳಲ್ಲಿ ಹೆಚ್ಚಾಗಿ ನಾಲ್ವರು ಸದಸ್ಯರ ವಾರ್ಡು. ಒಂದೇ ರಾಜ್ಯದಲ್ಲಿ ಒಂದೇ ಮನೆತನದ ಅಣ್ಣನಿಗೆ ಒಂದು ಓಟು, ತಮ್ಮನಿಗೆ ನಾಲ್ಕು ಓಟು!

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ವಾರ್ಡಿನ ಎರಡು ಸ್ಥಾನಗಳು ಒಂದೇ ಬುಟ್ಟಿಯ ಹಣ್ಣುಗಳಲ್ಲ. ಅವುಗಳಿಗೆ ಅ, ಬ ಎಂದು ಹೆಸರು. ಅ ಸ್ಥಾನಕ್ಕೆ ನಿಂತವರಿಗೆ ಅವರವರಲ್ಲೇ ಸ್ಪರ್ಧೆ, ಬ ಸ್ಥಾನದವರಿಗೆ ಅವರವರಲ್ಲೇ. ಒಂದು ಪರಿಶಿಷ್ಟ ಜಾತಿಗೋ ಹಿಂದುಳಿದ ವರ್ಗಕ್ಕೋ ಮಹಿಳೆಗೋ ಮೀಸಲಾಗಿರಬಹುದು, ಇನ್ನೊಂದು ಸರ್ವಸಾಧಾರಣ ಇರಬಹುದು. ಯಾವ ವಾರ್ಡಿನ ಯಾವ ಸ್ಥಾನ ಯಾರಿಗೆ ಎನ್ನುವುದನ್ನು ನಿಗದಿ ಮಾಡುವಾಗ ಸಾರ್ವಜನಿಕವಾಗಿ ಚೀಟಿ ಎತ್ತುತ್ತಾರೆ. ಓಟು ಹಾಕುವಾಗ ಅ ಸ್ಥಾನಕ್ಕೆ ಒಂದು, ಬ ಸ್ಥಾನಕ್ಕೆ ಒಂದು, ಅಧ್ಯಕ್ಷರಿಗೆ ಒಂದು ಬಟನ್ ಒತ್ತಬೇಕು. ಎಲ್ಲ ಒತ್ತಿದ ಮೇಲೆಯೇ ಯಂತ್ರ ಉದ್ದಕ್ಕೆ ಕೂಗುತ್ತದೆ. ಒಂದು ಒತ್ತಿ ಹೊರಟರೆ ಅಧಿಕಾರಿ ನಿಮ್ಮನ್ನು ಹಿಂದಕ್ಕೆ ಕರೆಯುತ್ತಾರೆ. ಒಂದು ಸ್ಥಾನದಲ್ಲಿ ಯಾರೂ ಒಪ್ಪಿಗೆಯಾಗದಿದ್ದರೆ ಆ ಸ್ಥಾನಕ್ಕೆ ಮಾತ್ರ 'ನೋಟಾ' ಒತ್ತಿ, ಉಳಿದ ಸ್ಥಾನಗಳಿಗೆ ನಿಮಗೆ ಬೇಕಾದವರನ್ನು ಆರಿಸಬಹುದು.

ಎಲ್ಲ ಕಡೆ ಇದೇ ಪದ್ಧತಿ ಅಲ್ಲ. ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪನನ್ನು ಕೇಳಿ ನೋಡಿ. ಕರ್ನಾಟಕದ ಪಟ್ಟಣಗಳ ಪುರಸಭೆಯಲ್ಲಿ ವಾರ್ಡಿಗೆ ಒಬ್ಬರೇ ಸದಸ್ಯರು. ಆದರೆ ಹಳ್ಳಿಯ ಗ್ರಾಮ ಪಂಚಾಯತಿಯಲ್ಲಿ ಒಂದು ಕ್ಷೇತ್ರಕ್ಕೆ ಇಬ್ಬರು, ಮೂವರು, ನಾಲ್ವರು ಸದಸ್ಯರಿರುವುದುಂಟು. ಎಷ್ಟು ಸ್ಥಾನವೋ ಅಷ್ಟು ಓಟು, ಒಬ್ಬರಿಗೆ ಒಂದೇ. ಅಲ್ಲಿ ಪಕ್ಷದ ಚಿಹ್ನೆಯೂ ಇಲ್ಲ. ಹಾಗಾಗಿ ನಿಮ್ಮ ಚಿಕ್ಕಪ್ಪ ಮನುಷ್ಯನನ್ನು ನೋಡಿ ಓಟು ಹಾಕುತ್ತಾರೆ, ನೀವು ಇಲ್ಲಿ ಚಿಹ್ನೆಯನ್ನು ನೋಡಿ. ಇಂಗ್ಲೆಂಡಿನ ಸಣ್ಣ ಊರುಗಳಲ್ಲೂ ಒಂದು ವಾರ್ಡಿಗೆ ಇಬ್ಬರು ಮೂವರು ಕೌನ್ಸಿಲರುಗಳಿರುತ್ತಾರೆ. ಅಲ್ಲಿ ಎಲ್ಲ ಹೆಸರುಗಳೂ ಒಂದೇ ಮತಪತ್ರದಲ್ಲಿ. ಮೂರು ಸ್ಥಾನಗಳಿದ್ದರೆ ಮೂರು ಹೆಸರುಗಳವರೆಗೆ ಗುರುತು ಹಾಕಬಹುದು, ಬೇಡವೆಂದರೆ ಒಂದಕ್ಕೇ ಹಾಕಿ ಬರಬಹುದು. ಹೆಚ್ಚು ಓಟು ಬಂದ ಮೂವರು ಗೆದ್ದ ಹಾಗೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ಚುನಾವಣೆಯ ಗದ್ದಲ ಓದಿ ನಕ್ಕಿದ್ದೆ. ಬ್ಲೂ ಪಕ್ಷದವರು ಹೌದೆಂದದ್ದಕ್ಕೆ ಬಫ್ ಪಕ್ಷದವರು ಅಲ್ಲ ಎನ್ನಲೇಬೇಕು. ನಮ್ಮ ಬೀದಿಯ ಪ್ರಚಾರ ಕೇಳಿದಾಗಲೆಲ್ಲ ಆ ಕಾಲ್ಪನಿಕ ಊರು ನೆನಪಾಗುತ್ತದೆ.

ಒಂದು ಕ್ಷೇತ್ರಕ್ಕೆ ಇಬ್ಬರು ಎನ್ನುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಎರಡು ಮಹಾಚುನಾವಣೆಗಳಲ್ಲಿ ಲೋಕಸಭೆಗೂ ಇಂಥ ಕ್ಷೇತ್ರಗಳಿದ್ದವು. ಸಾಮಾನ್ಯ ಸ್ಥಾನ ಒಂದು, ಮೀಸಲು ಸ್ಥಾನ ಒಂದು, ಮತದಾರನಿಗೆ ಎರಡು ಓಟು. 1952ರಲ್ಲಿ ಡಾ. ಅಂಬೇಡ್ಕರ್ ಅವರು ಮುಂಬಯಿ ಉತ್ತರದ ಇಂಥದೇ ಒಂದು ಕ್ಷೇತ್ರದಲ್ಲಿ ಮೀಸಲು ಸ್ಥಾನಕ್ಕೆ ನಿಂತು ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ ಎದುರು ಸೋತರು. ಸಂವಿಧಾನ ಬರೆದವರು ಅದೇ ಸಂವಿಧಾನದ ಮೊದಲ ಚುನಾವಣೆಯಲ್ಲಿ ಸೋತರು.

1957ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಆಂಧ್ರದ ಪಾರ್ವತೀಪುರಂ ಕ್ಷೇತ್ರದಲ್ಲಿ ವಿ.ವಿ. ಗಿರಿಯವರು ಸಾಮಾನ್ಯ ಸ್ಥಾನಕ್ಕೆ ನಿಂತಿದ್ದರು. ಇನ್ನೊಂದು ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲು. ಎಣಿಸಿ ನೋಡಿದರೆ ಅತಿ ಹೆಚ್ಚು ಓಟು ಬಂದ ಇಬ್ಬರೂ ಪರಿಶಿಷ್ಟ ಪಂಗಡದವರು. ಒಬ್ಬರು ಮೀಸಲು ಸ್ಥಾನಕ್ಕೆ, ಇನ್ನೊಬ್ಬರು ಸಾಮಾನ್ಯ ಸ್ಥಾನಕ್ಕೆ ಆಯ್ಕೆಯಾದರು. ಗಿರಿಯವರು ಮೊಕದ್ದಮೆ ಹೂಡಿದರು. 1959ರಲ್ಲಿ ಸುಪ್ರೀಂ ಕೋರ್ಟು, ಮೀಸಲು ವರ್ಗದವರು ಸಾಮಾನ್ಯ ಸ್ಥಾನಕ್ಕೂ ಅರ್ಹರೇ ಎಂದು ಆ ಫಲಿತಾಂಶವನ್ನು ಎತ್ತಿಹಿಡಿಯಿತು. 1961ರಲ್ಲಿ ಕಾಯಿದೆ ಮಾಡಿ ಇಬ್ಬರು ಸದಸ್ಯರ ಕ್ಷೇತ್ರಗಳನ್ನೇ ರದ್ದು ಮಾಡಲಾಯಿತು. ಗಿರಿಯವರು ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾದರು, 1969ರಲ್ಲಿ ರಾಷ್ಟ್ರಪತಿಯೂ ಆದರು. ದೆಹಲಿ ಬೇಡವೆಂದು ಬಿಟ್ಟದ್ದು ನಮ್ಮ ಊರಿನ ಪುರಸಭೆಯಲ್ಲಿ ಬೇರೆ ರೂಪದಲ್ಲಿ ಉಳಿದುಕೊಂಡಿದೆ.

ಇಲ್ಲಿಯೂ ಅದು ಒಂದೇ ತೆರನಾಗಿ ಉಳಿದಿಲ್ಲ. ಮಹಾರಾಷ್ಟ್ರದ ಪಾಲಿಕೆಗಳಲ್ಲಿ 2007ರಲ್ಲಿ ವಾರ್ಡಿಗೆ ಒಬ್ಬರು, 2012ರಲ್ಲಿ ಇಬ್ಬರು, 2017ರಲ್ಲಿ ನಾಲ್ವರು. ಪುರಸಭೆಯ ಅಧ್ಯಕ್ಷರನ್ನು ಜನರೇ ಆರಿಸಬೇಕು ಎಂದು 2016ರಲ್ಲಿ ಆಯಿತು. 2020ರಲ್ಲಿ ಬೇಡ ಎಂದಾಯಿತು. 2022ರಲ್ಲಿ ಮತ್ತೆ ಬೇಕು ಎಂದಾಯಿತು. ಸರಕಾರ ಬದಲಾದಾಗ ಆಟದ ನಿಯಮವೂ ಬದಲಾಗುತ್ತದೆ. ಯಾವ ಪದ್ಧತಿಯಲ್ಲಿ ತಮಗೆ ಹೆಚ್ಚು ಸ್ಥಾನ ಸಿಕ್ಕೀತು ಎಂದು ಎಲ್ಲ ಪಕ್ಷಗಳೂ ಲೆಕ್ಕ ಹಾಕುತ್ತವೆ. ಜನರಿಗೆ ಯಾವುದು ಅನುಕೂಲ ಎಂದು ನಮ್ಮ ಬಾಗಿಲಿಗೆ ಬಂದು ಕೇಳಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಅನುಕೂಲ ಯಾವುದು? ಇಬ್ಬರು ಸದಸ್ಯರಿದ್ದರೆ ವಾರ್ಡು ದೊಡ್ಡದಾಗುತ್ತದೆ. ಒಂದೇ ಗಲ್ಲಿಯ ಬೆಂಬಲದಿಂದ, ಒಂದೇ ಜಾತಿಯ ಓಟಿನಿಂದ ಗೆಲ್ಲುವುದು ಕಷ್ಟ. ಒಬ್ಬರು ಕಿವಿಗೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದು. ಇಬ್ಬರಲ್ಲಿ ಒಬ್ಬರು ಹೆಂಗಸಾಗಿದ್ದರೆ ನಮ್ಮಂಥವರಿಗೆ ಮಾತಾಡಲು ಸಂಕೋಚವಿಲ್ಲ. ಇವೆಲ್ಲ ಒಳ್ಳೆಯದೇ. ಆದರೆ ವಾರ್ಡು ದೊಡ್ಡದಾದಷ್ಟೂ ಖರ್ಚು ದೊಡ್ಡದು. ಪಕ್ಷವಿಲ್ಲದೆ, ಹಣವಿಲ್ಲದೆ, ಒಳ್ಳೆಯ ಹೆಸರೊಂದನ್ನೇ ನಂಬಿ ನಿಲ್ಲುವ ಶಿಕ್ಷಕನೋ ವೈದ್ಯೆಯೋ ಅಷ್ಟು ಮನೆಗಳನ್ನು ಮುಟ್ಟಲಾರರು. ಪಕ್ಷಗಳು ಅ ಸ್ಥಾನಕ್ಕೆ ಒಬ್ಬರು, ಬ ಸ್ಥಾನಕ್ಕೆ ಒಬ್ಬರು ಎಂದು 'ಪ್ಯಾನೆಲ್' ಕಟ್ಟಿ, "ಎಲ್ಲ ಬಟನ್ನೂ ಇದೇ ಚಿಹ್ನೆಗೆ" ಎಂದು ಹೇಳಿಹೋಗುತ್ತವೆ. ಪ್ಯಾನೆಲ್ಲಿನಲ್ಲಿ ಒಬ್ಬರು ಗಟ್ಟಿ, ಇನ್ನೊಬ್ಬರು ಪೊಳ್ಳು ಇದ್ದರೂ ಗಟ್ಟಿಯವರ ಬೆನ್ನ ಮೇಲೆ ಪೊಳ್ಳೂ ದಾಟಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಗೆದ್ದ ಮೇಲೆ. ನಾವಿದ್ದ ಒಂದು ಸಣ್ಣ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಕಟ್ಟಡದ ಹಿಂದಿನ ಗಟಾರ ತುಂಬಿತ್ತು. ಒಬ್ಬ ನಗರಸೇವಕರ ಹತ್ತಿರ ಹೋದರೆ, "ಆ ಬದಿಯ ಕೆಲಸ ಅವರು ನೋಡಿಕೊಳ್ಳುತ್ತಾರೆ" ಎಂದರು. ಅವರ ಹತ್ತಿರ ಹೋದರೆ, "ನಿಧಿ ಇವರಿಗೆ ಬಂದಿದೆ, ನನಗಲ್ಲ" ಎಂದರು. ಕಾನೂನಿನಲ್ಲಿ ಹಾಗೆ ಬದಿ ಹಂಚಿಕೊಳ್ಳುವುದು ಎಲ್ಲಿಯೂ ಇಲ್ಲ. ಇಬ್ಬರೂ ಇಡೀ ವಾರ್ಡಿನ ಪ್ರತಿನಿಧಿಗಳೇ. ಕೊನೆಗೆ ನಾವು ಹನ್ನೊಂದು ಹೆಂಗಸರು ಒಂದೇ ಅರ್ಜಿ ಬರೆದು, ಇಬ್ಬರ ಹೆಸರನ್ನೂ ಮೇಲೆ ಹಾಕಿ, ಮುಖ್ಯಾಧಿಕಾರಿಯ ಕಚೇರಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆವು. ಎಂಟು ದಿನದಲ್ಲಿ ಗಟಾರ ಖಾಲಿಯಾಯಿತು. ಎರಡೂ ಕಡೆಯವರು ತಾವೇ ಮಾಡಿಸಿದ್ದೆಂದು ಫಲಕ ಹಾಕಿಸಿದರು! ಈ ಉಪಾಯ ನೀವೂ ನೆನಪಿಟ್ಟುಕೊಳ್ಳಿ. ಒಂದೇ ವಾರ್ಡಿಗೆ ಇಬ್ಬರಿದ್ದಾಗ ಒಂದೇ ಕಾಗದದಲ್ಲಿ ಇಬ್ಬರನ್ನೂ ಕೇಳಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 1992ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, ನಗರದ ಸಭೆಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಪಾಲು ಕೊಟ್ಟಿತು. ಮಹಾರಾಷ್ಟ್ರ 2011ರಲ್ಲಿ ಅದನ್ನು ಅರ್ಧ ಮಾಡಿತು. ಕರ್ನಾಟಕ ಇನ್ನೂ ಮೊದಲೇ ಹೆಜ್ಜೆ ಇಟ್ಟಿತ್ತು. 1983ರ ಕಾಯಿದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಇಷ್ಟೆಲ್ಲ ಆದರೂ ಬ್ಯಾನರಿನಲ್ಲಿ ಅಭ್ಯರ್ಥಿಯ ಹೆಸರಿಗಿಂತ ಅವಳ ಗಂಡನ ಫೋಟೋ ದೊಡ್ಡದಿರುವುದನ್ನು ನೀವೂ ನೋಡಿದ್ದೀರಿ. ಗೆದ್ದ ಮೇಲೆ ಅವಳ ಮೊಬೈಲನ್ನು ಎತ್ತುವವನೂ ಅವನೇ. ಮುಂದಿನ ಸಲ ಇಂಥ ಅಭ್ಯರ್ಥಿ ಮನೆಗೆ ಬಂದಾಗ ಪ್ರಶ್ನೆಯನ್ನು ನೇರವಾಗಿ ಅವಳಿಗೇ ಕೇಳಿ, ಅವಳೇ ಉತ್ತರ ಹೇಳುವವರೆಗೆ ಕಾಯಿರಿ. ಗೌರವದಿಂದ ಕೇಳಿ, ಪರೀಕ್ಷೆ ಮಾಡುವವರ ಹಾಗಲ್ಲ. ಇನ್ನೊಂದು ವಿಷಯವೂ ತಿಳಿದಿರಲಿ: ಸರ್ವಸಾಧಾರಣ ಸ್ಥಾನಕ್ಕೂ ಹೆಂಗಸರು ನಿಲ್ಲಬಹುದು. ಅದು ಗಂಡಸರಿಗೆ ಮೀಸಲು ಎಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಓಟು ಹಾಕಲು 18 ಆದರೆ ಸಾಕು, ಅಭ್ಯರ್ಥಿಯಾಗಲು 21 ತುಂಬಿರಬೇಕು. ಈ ಪತ್ರಿಕೆ ಓದುವ ಎಷ್ಟೋ ಹುಡುಗಿಯರಿಗೆ ಈಗಾಗಲೇ ತುಂಬಿದೆ!

"ನಾವು ಕನ್ನಡದವರು, ಇಲ್ಲಿಯ ರಾಜಕೀಯ ನಮಗೇಕೆ?" ಎನ್ನುವ ಮಾತು ನಮ್ಮ ಮನೆಗಳಲ್ಲಿ ಕೇಳುತ್ತದೆ. ನಿಮ್ಮ ತಂದೆತಾಯಿಯರ ತಲೆಮಾರಿಗೆ ಊರು ಎಂದರೆ ಉಡುಪಿಯೋ ಧಾರವಾಡವೋ ಕಲಬುರಗಿಯೋ. ನಿಮ್ಮದು ಹಾಗಲ್ಲ. ನೀವು ಹುಟ್ಟಿದ್ದು ಇಲ್ಲಿ, ನಿಮ್ಮ ಜನನ ಪ್ರಮಾಣಪತ್ರ ಕೊಟ್ಟದ್ದು ಇಲ್ಲಿಯ ನಗರಸಭೆ. ನೀರು, ಕಸ, ಬೀದಿದೀಪ, ಮನೆ ತೆರಿಗೆ, ಉದ್ಯಾನ, ಸ್ಮಶಾನ ಎಲ್ಲವೂ ಅದರದೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ನಮ್ಮ ಎಷ್ಟೋ ಹಿರಿಯರು ಅಲ್ಲಿಯೇ ಅಕ್ಷರ ಕಲಿತವರು. ಶಾಲೆಗೆ ಶಿಕ್ಷಕರು ಬೇಕು, ಮಕ್ಕಳಿಗೆ ಪುಸ್ತಕ ಬೇಕು ಎಂದು ಸಭೆಯಲ್ಲಿ ಎದ್ದು ಹೇಳಬೇಕಾದವರು ಕಾರ್ಪೊರೇಟರುಗಳೇ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಮೈಂದರ್ಗಿ, ದುಧನಿಯಂಥ ಪುಟ್ಟ ಊರುಗಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಮರಾಠಿಯ ನೆರೆಹೊರೆಯವರೊಡನೆ ಸಾಲಿನಲ್ಲಿ ನಿಂತು ಓಟು ಹಾಕುತ್ತಾರೆ. ಯಾವ ಭಾಷೆಯವರ ಗಲ್ಲಿಯಲ್ಲಿ ನಿಂತರೂ ಮಳೆನೀರು ಒಂದೇ ರೀತಿ ಕೊಳೆಯುತ್ತದೆ.

ಇನ್ನು ಮಾಡಬೇಕಾದದ್ದು ಏನು? ಮೊದಲನೆಯದು ಮತದಾರರ ಪಟ್ಟಿ. ಪುರಸಭೆಗೆಂದು ಬೇರೆ ಪಟ್ಟಿ ತಯಾರಾಗುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಒಡೆಯುತ್ತಾರೆ. 2025ರ ಪುರಸಭೆ ಚುನಾವಣೆಗೆ ಜುಲೈ 1ರ ಪಟ್ಟಿಯನ್ನು ತೆಗೆದುಕೊಂಡಿದ್ದರು. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ, ಈಗಲೇ ಹೆಸರು ನೋಡಿಕೊಳ್ಳಿ. ಎರಡನೆಯದು ಎರಡು ಕಡೆಯ ಹೆಸರು. ಅಜ್ಜಿಯ ಮನೆಯ ವಿಳಾಸದಲ್ಲೊಂದು, ಇಲ್ಲೊಂದು ಹೆಸರು ಇರುವವರು ನಮ್ಮಲ್ಲಿದ್ದಾರೆ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಈ ಸಲ ಇಲ್ಲಿನ ಪಟ್ಟಿಗಳಲ್ಲೇ ಎರಡೆರಡು ಕಡೆ ಹೆಸರಿರಬಹುದಾದವರ ಮುಂದೆ ಎರಡು ನಕ್ಷತ್ರದ ಗುರುತು ಹಾಕಿದ್ದರು. ನೀವು ನಿಜವಾಗಿ ವಾಸಿಸುವ ಊರಿನಲ್ಲಿ ಹೆಸರು ಉಳಿಸಿಕೊಂಡು ಇನ್ನೊಂದನ್ನು ತೆಗೆಸಿ. ಅಜ್ಜಿಗೆ ಬೇಸರವಾಗದಂತೆ ರಜೆಗೆ ಹೋಗಿ ಬಂದರಾಯಿತು.

ಮೂರನೆಯದು, ಪ್ರತಿ ಸ್ಥಾನಕ್ಕೂ ಬೇರೆಯಾಗಿ ಯೋಚಿಸುವುದು. ಅಭ್ಯರ್ಥಿಗಳು ನಾಮಪತ್ರದ ಜೊತೆ ಆಸ್ತಿ, ಸಾಲ, ವಿದ್ಯಾಭ್ಯಾಸ, ತಮ್ಮ ಮೇಲಿರುವ ಮೊಕದ್ದಮೆಗಳನ್ನು ತಿಳಿಸುವ ಪ್ರಮಾಣಪತ್ರ ಕೊಡಲೇಬೇಕು. ಅದನ್ನು ಓದಿ. ಮನೆಯಲ್ಲಿ ಊಟಕ್ಕೆ ಕುಳಿತಾಗ ಅ ಸ್ಥಾನಕ್ಕೆ ಯಾರು, ಬ ಸ್ಥಾನಕ್ಕೆ ಯಾರು, ಅಧ್ಯಕ್ಷರಿಗೆ ಯಾರು ಎಂದು ಮೂರು ಬಾರಿ ಮಾತಾಡಿ. ಮೂರಕ್ಕೂ ಒಂದೇ ಚಿಹ್ನೆ ಸರಿ ಎನಿಸಿದರೆ ಹಾಗೇ ಹಾಕಿ, ತಪ್ಪೇನಿಲ್ಲ. ಆದರೆ ಅದು ನೀವು ಯೋಚಿಸಿ ಮಾಡಿದ ತೀರ್ಮಾನವಾಗಿರಲಿ. ಮಾರುಕಟ್ಟೆಯಲ್ಲಿ ಟೊಮೇಟೊ ಚೆನ್ನಾಗಿದೆ ಎಂದು ಅದೇ ಗಾಡಿಯ ಬಾಡಿದ ಬೆಂಡೆಕಾಯಿಯನ್ನೂ ಚೀಲಕ್ಕೆ ಹಾಕಿಕೊಂಡು ಬರುವುದಿಲ್ಲವಲ್ಲ!

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಓಟು ಹಾಕಿದ ಮೇಲೂ ನಿಮ್ಮ ಕೆಲಸ ಇದೆ. ನಿಮ್ಮ ವಾರ್ಡಿನಲ್ಲಿ ಗೆದ್ದ ಇಬ್ಬರ ಹೆಸರು ಈಗ ಕೇಳಿದರೆ ಹೇಳಬಲ್ಲಿರಾ? ಇಬ್ಬರ ಫೋನ್ ನಂಬರೂ ನಿಮ್ಮ ಕಟ್ಟಡದ ನೋಟೀಸ್ ಬೋರ್ಡಿನಲ್ಲಿ ಇದೆಯೇ? ಸುಮಾರು ನಾಲ್ಕು ವರ್ಷ ಪ್ರಶಾಸಕರು ಆಳಿದಾಗ ನಮಗೆ ಹೋಗಿ ಕೇಳಲು ಆರಿಸಿ ಬಂದವರು ಯಾರೂ ಇರಲಿಲ್ಲ. ಈಗ ಇದ್ದಾರೆ. ಅವರಿಗೆ ನೀವು ಕೊಟ್ಟಿರುವುದು ಐದು ವರ್ಷ. ಈ ಭಾನುವಾರವೇ ನಿಮ್ಮ ಕಟ್ಟಡದ ನಾಲ್ಕು ಜನ ಸೇರಿ ಒಂದು ಕಾಗದದ ಮೇಲೆ ವಾರ್ಡಿನ ಮೂರು ತೊಂದರೆಗಳನ್ನು ಬರೆಯಿರಿ, ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟು ಸಹಿ ತೆಗೆದುಕೊಳ್ಳಿ. ಏನು ಉತ್ತರ ಬಂತೆಂದು ಸಂಘದ ವಿಳಾಸಕ್ಕೆ ಎರಡು ಸಾಲು ಬರೆದು ತಿಳಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಾದರೆ ನಾನು ತಿದ್ದಿಕೊಳ್ಳುತ್ತೇನೆ.